ಗೇಟ್ ಪರೀಕ್ಷೆ: ಮೂರನೆಯ ವರ್ಷದಲ್ಲೇ ಬರೆಯಬೇಕೇ?

ಪರ

ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಆಗಸ್ಟ್‌ನಿಂದ ಫೆಬ್ರವರಿಯವರೆಗೆ ವಿದ್ಯಾರ್ಥಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಕ್ಯಾಂಪಸ್ ಸಂದರ್ಶನಕ್ಕೆ ಕಂಪನಿಗಳು ಬರುವುದು ಆಗಲೇ, ಪ್ರಾಜೆಕ್ಟ್ ಕೆಲಸ ಆಗಲೇ, ಏಳನೆಯ ಸೆಮಿಸ್ಟರ್ ಪರೀಕ್ಷೆಯೂ ಆಗಲೇ. ಇಷ್ಟರ ನಡುವೆ, ಎಂ.ಟೆಕ್. (ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿ) ಪ್ರವೇಶಕ್ಕೆ ದೇಶಮಟ್ಟದಲ್ಲಿ ನಡೆಯುವ ಪರೀಕ್ಷೆಯಾದ ಫೆಬ್ರವರಿಯ ಗೇಟ್‌ಗೂ ಓದಬೇಕು. ಯಾವುದಕ್ಕೂ ಪೂರ್ತಿ ಮನಸ್ಸು ಕೊಡಲಾಗದೆ ಒದ್ದಾಡುವ ಮಕ್ಕಳು ಪ್ರತಿ ಕಾಲೇಜಿನಲ್ಲೂ ಇದ್ದಾರೆ.

2021ರ ಗೇಟ್‌ನಿಂದ ಮೂರನೆಯ ವರ್ಷದವರಿಗೂ ಬಾಗಿಲು ತೆರೆದಿದೆ. ಸ್ಕೋರ್‌ಗೆ ಫಲಿತಾಂಶದ ದಿನದಿಂದ ಮೂರು ವರ್ಷ ಮಾನ್ಯತೆ. 2028ರಲ್ಲಿ ಪದವಿ ಮುಗಿಸುವವರು 2027ರಲ್ಲೇ ಬರೆದರೆ 2028 ಮತ್ತು 2029, ಎರಡು ವರ್ಷಗಳ ಎಂ.ಟೆಕ್. ಪ್ರವೇಶಕ್ಕೆ ಅದೇ ಸ್ಕೋರ್ ಸಾಕು. ಚೆನ್ನಾಗಿ ಬಂದರೆ ಅಂತಿಮ ವರ್ಷ ನಿರಾಳ. ಬರದಿದ್ದರೆ ಇನ್ನೊಂದು ಫೆಬ್ರವರಿ ಇದ್ದೇ ಇದೆ; ಕಳೆದುಕೊಂಡದ್ದು ಶುಲ್ಕ ಮಾತ್ರ.

ಮೂರು ಗಂಟೆಗಳಲ್ಲಿ 65 ಪ್ರಶ್ನೆ. ಒಂದೇ ಸರಿಯುತ್ತರದ ಬಹು ಆಯ್ಕೆ ಪ್ರಶ್ನೆ ತಪ್ಪಿದರೆ ಅಂಕ ಕಡಿತ. ಉತ್ತರದ ಸಂಖ್ಯೆಯನ್ನು ನಾವೇ ನಮೂದಿಸುವ ಪ್ರಶ್ನೆಗೆ ಕಡಿತವಿಲ್ಲ. ಸ್ವಂತ ಕ್ಯಾಲ್ಕುಲೇಟರ್ ಒಯ್ಯುವಂತಿಲ್ಲ, ಪರದೆಯ ಮೇಲಿನದನ್ನೇ ಮೌಸ್‌ನಿಂದ ಒತ್ತಬೇಕು. ಯಾವ ಪ್ರಶ್ನೆಯನ್ನು ಬಿಡಬೇಕು ಎಂಬ ವಿವೇಕ ಪರೀಕ್ಷಾ ಕೇಂದ್ರದಲ್ಲಿ ಒಮ್ಮೆ ಕುಳಿತವರಿಗೇ ಚೆನ್ನಾಗಿ ಬರುತ್ತದೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಮನೆಯ ಪರಿಸ್ಥಿತಿ. ಪದವಿಯ ನಂತರ ಒಂದು ವರ್ಷ ಸುಮ್ಮನೆ ಕೂತು ಓದು ಎಂದು ಹೇಳುವ ಶಕ್ತಿ ಎಲ್ಲ ತಂದೆ-ತಾಯಿಯರಿಗೂ ಇಲ್ಲ. ಗೇಟ್ ಮೂಲಕ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ನೆರವು ಸಿಗುತ್ತದೆ. ಅಲ್ಲಿಗೆ ತಲುಪಲು ಅಂಥ ಮಕ್ಕಳಿಗೆ ಎರಡು ಅವಕಾಶಗಳಾದರೂ ಬೇಕು.

ವಿರೋಧ

ಕಳೆದುಕೊಳ್ಳುವುದು ಶುಲ್ಕವನ್ನಷ್ಟೇ ಅಲ್ಲ, ಮೂರನೆಯ ವರ್ಷವನ್ನೇ. ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರುವ ವರ್ಷ ಅದು. ಮೆಕ್ಯಾನಿಕಲ್ ವಿಭಾಗವನ್ನೇ ನೋಡಿ: ಶಾಖ ವರ್ಗಾವಣೆಯ ಪಾಠ ಹಲವು ಕಾಲೇಜುಗಳಲ್ಲಿ ಆರನೆಯ ಸೆಮಿಸ್ಟರ್‌ನಲ್ಲಿ ಬರುತ್ತದೆ, ಗೇಟ್ ಪಠ್ಯಕ್ರಮದಲ್ಲಿ ಅದೂ ಇದೆ. ಪಾಠವಾಗದ ವಿಷಯಕ್ಕೆ ವಿದ್ಯಾರ್ಥಿ ಏನು ಮಾಡುತ್ತಾನೆ? ಸೂತ್ರಗಳ ಪಟ್ಟಿ ಬಾಯಿಪಾಠ ಮಾಡುತ್ತಾನೆ. ಮುಂದೆ ತರಗತಿಯಲ್ಲಿ ಅದೇ ಪಾಠ ಬಂದಾಗ ಗೊತ್ತಿರುವುದೇ ಎಂದು ಕಿವಿಗೊಡುವುದಿಲ್ಲ. ಈ ನಷ್ಟ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಮಾನ್ಯತೆಯ ಲೆಕ್ಕವನ್ನೂ ಸರಿಯಾಗಿ ಹಾಕೋಣ. ಮೂರನೆಯ ವರ್ಷದಲ್ಲಿ ಬರೆದವರ ಕೈಯಲ್ಲಿ ಆ ವರ್ಷ ಪದವಿಯೇ ಇರುವುದಿಲ್ಲ, ಹಾಗಾಗಿ ಮೂರರಲ್ಲಿ ಒಂದು ವರ್ಷ ವ್ಯರ್ಥ. 2028ರಲ್ಲಿ ಬರೆದರೆ ಆ ವರ್ಷವೂ ಸೇರಿ ಮೂರು ಪ್ರವೇಶಗಳು ಸಿಗುತ್ತವೆ. ಸಾರ್ವಜನಿಕ ವಲಯದ ಕಂಪನಿಗಳಂತೂ ನೇಮಕಾತಿಗೆ ಸಾಮಾನ್ಯವಾಗಿ ಆಯಾ ವರ್ಷದ ಸ್ಕೋರನ್ನೇ ಕೇಳುತ್ತವೆ. ಅಲ್ಲಿಗೆ ಹೋಗಬಯಸುವವರು ಹೇಗೂ ಮತ್ತೆ ಬರೆಯಲೇಬೇಕು.

ಸಂಶೋಧನೆಯ ಕನಸಿರುವವರ ಬಗ್ಗೆ ನನಗೆ ಹೆಚ್ಚು ಕಾಳಜಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾ ಪ್ರವೇಶಕ್ಕೆ ಗೇಟ್ ಸ್ಕೋರ್ ಸಂದರ್ಶನದವರೆಗೆ ಕರೆದೊಯ್ಯುತ್ತದೆ. ಒಳಗೆ ಕೇಳುವುದು ಮೂಲ ಪರಿಕಲ್ಪನೆಗಳನ್ನು, ಕರಿಹಲಗೆಯ ಮೇಲೆ, ಆಯ್ಕೆಗಳಿಲ್ಲದೆ. ಅದಕ್ಕೆ ಬೇಕಾದದ್ದು ಪ್ರಯೋಗಾಲಯದಲ್ಲಿ ಕಳೆದ ಗಂಟೆಗಳು, ಒಳ್ಳೆಯ ಪಠ್ಯಪುಸ್ತಕವನ್ನು ನಿಧಾನವಾಗಿ ಓದಿದ ಸಂಜೆಗಳು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅದಕ್ಕೆ ಅರ್ಜಿ ಹಾಕಲು ಮೂರನೆಯ ವರ್ಷ ಎಷ್ಟು ಒಳ್ಳೆಯ ಸಮಯ! ಆದರೆ ಚಳಿಗಾಲವಿಡೀ ಅಣಕು ಪರೀಕ್ಷೆಗಳಲ್ಲಿ ಮುಳುಗಿದವರಿಗೆ ಅದರ ನೆನಪೂ ಆಗುವುದಿಲ್ಲ.

ಮನೆಯ ಕಷ್ಟದ ಮಾತು ನಿಜ, ಅದನ್ನು ತಳ್ಳಿಹಾಕಲಾರೆ. ಆದರೆ ಅಂಥ ಮನೆಯ ಹುಡುಗಿಗೆ ಅರ್ಧ ಓದಿನಲ್ಲಿ ಬಂದ ಕಡಿಮೆ ಸ್ಕೋರ್ ‘ಇದು ನನ್ನಿಂದಾಗದು’ ಎಂಬ ತೀರ್ಪಾಗಿಬಿಡುವ ಅಪಾಯವೂ ಅಷ್ಟೇ ದೊಡ್ಡದು. ಅಭ್ಯಾಸಕ್ಕೆಂದು ಶುಲ್ಕ ಕಟ್ಟಬೇಕಿಲ್ಲ: ಹಳೆಯ ಪ್ರಶ್ನೆಪತ್ರಿಕೆಗಳು, ಪರದೆಯ ಕ್ಯಾಲ್ಕುಲೇಟರ್ ಸಹಿತ ಅಣಕು ಪರೀಕ್ಷೆ ಗೇಟ್‌ನ ಅಧಿಕೃತ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಆರನೆಯ ಸೆಮಿಸ್ಟರ್ ಮುಗಿದ ಬೇಸಿಗೆಯಲ್ಲಿ ಅವನ್ನು ಬಿಡಿಸಲಿ, ನೋಂದಣಿ ಆರಂಭವಾದಾಗ ಅರ್ಜಿ ಹಾಕಲಿ.