ಉಳಿತಾಯಕ್ಕೆ ತಗಲುವ ಖರ್ಚು

ನಲ್ಲಿ ತೊಟ್ಟಿಕ್ಕಲು ಶುರುವಾದರೆ ಯಾವ ಮನೆಯಲ್ಲಾದರೂ ಮೊದಲು ನಡೆಯುವುದು ತೋಳ್ಬಲದ ಚಿಕಿತ್ಸೆ. ಯಾರ ಕೈ ಗಟ್ಟಿಯೋ ಅವರು ಬಂದು ಹಿಡಿಯನ್ನು ಹಲ್ಲು ಕಚ್ಚಿ ಬಿಗಿ ಮಾಡುತ್ತಾರೆ. ನೀರು ನಿಲ್ಲುತ್ತದೆ, ಅವರು ಗೆದ್ದ ಮುಖ ಮಾಡಿಕೊಂಡು ಹೋಗುತ್ತಾರೆ. ವಾರದೊಳಗೆ ಮತ್ತೆ ತೊಟ್ಟು, ಮತ್ತೆ ಬಿಗಿ. ಕೊನೆಗೆ ಆ ನಲ್ಲಿಯನ್ನು ತೆರೆಯಬಲ್ಲವರು ಮನೆಗೆ ಒಬ್ಬರೇ ಉಳಿಯುತ್ತಾರೆ. ಅವರು ಪರವೂರಿಗೆ ಹೋದ ದಿನ ಉಳಿದವರೆಲ್ಲ ಕೈ ತೊಳೆಯಲು ಪಕ್ಕದ ಮನೆಗೆ ಹೋಗಬೇಕು.

ಒಳಗೆ ಆಗುವುದಿಷ್ಟೇ. ಸುತ್ತಿಸಿ ಮುಚ್ಚುವ ಹಳೇ ಮಾದರಿಯ ನಲ್ಲಿಯಲ್ಲಿ ಸ್ಪಿಂಡಲ್ ಎಂಬ, ಹಿಡಿಯ ಜೊತೆ ತಿರುಗುವ ಕಡ್ಡಿಯ ತುದಿಗೆ ಒಂದು ಸಣ್ಣ ರಬ್ಬರ್ ವಾಷರ್ ಇರುತ್ತದೆ. ಅದು ಕೆಳಗಿನ ಹಿತ್ತಾಳೆಯ ಸೀಟಿನ ಮೇಲೆ ಒತ್ತಿ ಕೂತು ನೀರು ತಡೆಯುತ್ತದೆ. ವರ್ಷಗಳು ಕಳೆದಂತೆ ರಬ್ಬರ್ ಗಡುಸಾಗಿ, ಅಂಚು ಹರಿದು, ಸಂದಿ ಬಿಡುತ್ತದೆ. ಆಗ ಬಲ ಹಾಕಿದಷ್ಟೂ ರಬ್ಬರ್ ಬೇಗ ಸಾಯುತ್ತದೆ. ರಬ್ಬರ್ ಸತ್ತ ಮೇಲೂ ಬಲ ಹಾಕಿದರೆ ಲೋಹ ಲೋಹಕ್ಕೆ ತಾಗಿ ಸೀಟಿನಲ್ಲೇ ಗೀರು ಬೀಳುತ್ತದೆ. ಅಲ್ಲಿಗೆ ಹೊಸ ವಾಷರ್ ಹಾಕಿದರೂ ಸೋರುವುದು ನಿಲ್ಲದು; ಸೀಟನ್ನು ತಿಕ್ಕಿ ಸಮ ಮಾಡಿಸಬೇಕು, ಇಲ್ಲವೇ ಇಡೀ ನಲ್ಲಿಯನ್ನೇ ಬದಲಿಸಬೇಕು. ಮನೆಯಲ್ಲೇ ಸಿಗುವ ಅತಿ ಅಗ್ಗದ ರಿಪೇರಿಯನ್ನು ನಾವು ದುಬಾರಿ ಮಾಡಿಕೊಳ್ಳುವ ಕ್ರಮ ಇದು.

ಸರಿಯಾದ ಕ್ರಮಕ್ಕೆ ಅರ್ಧ ಗಂಟೆ ಸಾಕು. ಮೊದಲು ಆ ಕೊಳವೆಗೆ ನೀರು ಬಿಡುವ ವಾಲ್ವ್ ಮುಚ್ಚಿ. ಇದನ್ನು ಮರೆತವರು ಎಷ್ಟು ಮಂದಿ ಎಂಬುದಕ್ಕೆ ಬಚ್ಚಲುಮನೆಯ ಚಾವಣಿಗಳೇ ಸಾಕ್ಷಿ. ವಾಲ್ವ್ ಮುಚ್ಚಿದ ಮೇಲೆ ನಲ್ಲಿ ತೆರೆದು ಉಳಿದ ನೀರು ಹರಿದುಹೋಗಲು ಬಿಡಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ, ಏಕೆಂದರೆ ಕೈ ಜಾರುವ ಸ್ಕ್ರೂ ನೇರ ಅಲ್ಲಿಗೇ ಹೋಗುತ್ತದೆ. ಹಿಡಿ ತೆಗೆದು, ಕೆಳಗಿನ ಷಡ್ಭುಜ ಭಾಗಕ್ಕೆ ಸ್ಪ್ಯಾನರ್ ಹಾಕಿ ಎಡಕ್ಕೆ ತಿರುಗಿಸಿದರೆ ಸ್ಪಿಂಡಲ್ ಕೈಗೆ ಬರುತ್ತದೆ. ಹಳೇ ವಾಷರನ್ನು ಎಸೆಯಬೇಡಿ, ಅಂಗಡಿಗೆ ಅದನ್ನೇ ಒಯ್ಯಿರಿ. ಹೆಬ್ಬೆರಳು ತೋರುಬೆರಳು ಸೇರಿಸಿ 'ಇಷ್ಟಗಲ' ಎಂದು ಗಾಳಿಯಲ್ಲಿ ಅಳತೆ ತೋರಿಸಿ ತಂದ ವಾಷರ್ ಕೂಡಿಬರುವುದು ಅಪರೂಪ. ಕಾಲು ಸುತ್ತಿಗೇ ತೆರೆದು ಮುಚ್ಚುವ ಹೊಸ ಮಾದರಿಯ ನಲ್ಲಿಯಾದರೆ ಒಳಗೆ ವಾಷರ್ ಇರುವುದಿಲ್ಲ, ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಅದನ್ನು ಇಡಿಯಾಗಿ ಬದಲಿಸಬೇಕು.

ಇನ್ನು ಟೆಫ್ಲಾನ್ ಟೇಪ್. ಸೋರುವುದೆಲ್ಲಕ್ಕೂ ಅದೇ ಮದ್ದೆಂದು ನಂಬಿದವರು ನಲ್ಲಿಯ ಬಾಯಿಯಿಂದ ತೊಟ್ಟಿಕ್ಕಿದರೂ ಬುಡ ಬಿಚ್ಚಿ ಟೇಪ್ ಸುತ್ತುತ್ತಾರೆ. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಹಾಕಿದರಂತೆ. ಟೇಪ್ ಇರುವುದು ಮರೆಗಳು, ಅಂದರೆ ಸ್ಕ್ರೂವಿನಂಥ ಸುತ್ತುಗೆರೆಗಳು, ಸೇರುವ ಜಾಗದಲ್ಲಿ ನೀರು ಜಿನುಗದಿರಲಿ ಎಂದು, ಬಾಯಿ ಮುಚ್ಚಿಸಲು ಅಲ್ಲ. ಬುಡದಲ್ಲೇ ಜಿನುಗುತ್ತಿದ್ದರೆ ಹಳೇ ಟೇಪನ್ನು ಪೂರ್ತಿ ಕಿತ್ತು, ಮರೆಯ ತುದಿ ನಿಮ್ಮತ್ತ ಇರುವಂತೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಐದಾರು ಸುತ್ತು ಎಳೆದು ಸುತ್ತಿ. ಉಲ್ಟಾ ಸುತ್ತಿದರೆ ನಲ್ಲಿ ಬಿಗಿ ಮಾಡುವಾಗ ಟೇಪ್ ಬಿಚ್ಚಿಕೊಂಡು ಹೊರಗೆ ಮೀಸೆ ಬಿಡುತ್ತದೆ.

'ಒಂದು ತೊಟ್ಟು ತಾನೇ' ಎನ್ನುವವರ ಬಾಯಿ ಮುಚ್ಚಿಸಲು ಮಾತ್ರ ಒಂದು ಲೋಟ ಸಾಕು. ನಲ್ಲಿಯ ಕೆಳಗೆ ಒಂದು ಗಂಟೆ ಇಡಿ. 200 ಮಿಲಿಲೀಟರ್ ತುಂಬಿದರೆ ದಿನಕ್ಕೆ 4.8 ಲೀಟರ್, ವರ್ಷಕ್ಕೆ 1,750 ಲೀಟರ್ ಮೀರುತ್ತದೆ.

ಬಿರುಕು ಬಿಟ್ಟ ಬಕೆಟ್ಟಿನ ಕತೆ ಬೇರೆ. ಇಲ್ಲಿ ಖಳನಾಯಕ ಸೂಪರ್ ಗ್ಲೂ. ಒಂದು ಹನಿ ಬಿದ್ದರೆ ಆನೆಯನ್ನೇ ಎಳೆದು ನಿಲ್ಲಿಸುತ್ತದೆಂಬ ಜಾಹೀರಾತಿನ ಧೈರ್ಯದಲ್ಲಿ ಮನೆಮಂದಿ ಬಕೆಟ್ಟಿನ ಬಿರುಕಿಗೆ ಇಡೀ ಟ್ಯೂಬ್ ಸುರಿಯುತ್ತಾರೆ. ಸಂಜೆಯ ಹೊತ್ತಿಗೆ ಬಕೆಟ್ಟು ಸೋರುತ್ತಿರುತ್ತದೆ, ಎರಡು ಬೆರಳು ಮಾತ್ರ ಭದ್ರವಾಗಿ ಅಂಟಿಕೊಂಡಿರುತ್ತವೆ. ಅಂಟಿನ ತಪ್ಪೇನಿಲ್ಲ. ಬಕೆಟ್ಟು, ಚೊಂಬು, ಡಬ್ಬಿಗಳೆಲ್ಲ ಬಹುತೇಕ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ತಳ ತಿರುಗಿಸಿ ನೋಡಿದರೆ ತ್ರಿಕೋನದೊಳಗೆ 2, 4 ಅಥವಾ 5 ಎಂದಿರುತ್ತದೆ. ಈ ಜಾತಿಯ ಪ್ಲಾಸ್ಟಿಕ್‌ಗೆ ಮಾಮೂಲಿ ಅಂಟು ಹತ್ತುವುದೇ ಇಲ್ಲ, ಒಣಗಿದ ಮೇಲೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಬಿರುಕಿನ ಎರಡೂ ತುದಿಯಲ್ಲಿ 3 ಮಿಲಿಮೀಟರ್‌ನ ಸಣ್ಣ ತೂತು ಕೊರೆದರೆ ಬಿರುಕು ಮುಂದೆ ಓಡುವುದು ನಿಲ್ಲುತ್ತದೆ. ಆ ಬಕೆಟ್ಟಿಗೆ ಆಮೇಲೆ ನೀರಿನ ಕೆಲಸ ಬೇಡ. ಒಗೆಯುವ ಬಟ್ಟೆ ಗುಡ್ಡೆ ಹಾಕಲು ಹಲವು ವರ್ಷ ಬಾಳುತ್ತದೆ.

ಅಂಟು ಹತ್ತುವ ವಸ್ತುಗಳಲ್ಲೂ ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂಬುದು ಸುಳ್ಳು. ಸೂಪರ್ ಗ್ಲೂ ಗಟ್ಟಿಯಾಗುವುದು ಗಾಳಿ ಮತ್ತು ಮೇಲ್ಮೈಯ ತೇವಾಂಶದಿಂದ. ತೆಳು ಪದರಕ್ಕೆ ಅದು ಬೇಗ ತಲುಪುತ್ತದೆ, ದಪ್ಪ ಪದರದ ಒಳಗೆ ಅಂಟು ಹಸಿಯಾಗಿಯೇ ಉಳಿಯುತ್ತದೆ. ಚೆಲ್ಲಿದ್ದನ್ನು ಹತ್ತಿಯಿಂದ ಒರೆಸುವುದಂತೂ ಬೇಡವೇ ಬೇಡ: ಹತ್ತಿ ಮತ್ತು ಉಣ್ಣೆ ತಾಗಿದರೆ ಅಂಟು ಥಟ್ಟನೆ ಗಟ್ಟಿಯಾಗುತ್ತ ಕೈ ಸುಡುವಷ್ಟು ಬಿಸಿಯಾಗುತ್ತದೆ. ಬೆರಳು ಅಂಟಿದರೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ನೆನೆಸಿ, ಹೊರಳಿಸುತ್ತ ನಿಧಾನ ಬಿಡಿಸಿ. ಅಸಿಟೋನ್ ಇರುವ ನೇಲ್ ಪಾಲಿಷ್ ರಿಮೂವರ್ ಕೂಡ ಕೆಲಸ ಮಾಡುತ್ತದೆ. ಆದರೆ ಅದನ್ನು ಮೇಜಿನ ಪಾಲಿಷ್ ಮೇಲೆ ಚೆಲ್ಲಿಕೊಂಡರೆ ಇನ್ನೊಂದು ರಿಪೇರಿ ಸಿದ್ಧ.

ಬೇಕಿಂಗ್ ಸೋಡಾ ಮತ್ತು ವಿನೆಗರ್ ಜೋಡಿಯನ್ನು ಮೊಬೈಲಿನಲ್ಲಿ ಬರುವ ಟಿಪ್ಸ್‌ಗಳು ಬೇರ್ಪಡಿಸಲಾಗದ ದಂಪತಿಯಂತೆ ತೋರಿಸುತ್ತವೆ. ಬೆರೆಸಿದೊಡನೆ ಬುಸ್ಸೆಂದು ನೊರೆ ಏಳುತ್ತದೆ, ನೋಡಿದವರಿಗೆ ಕೊಳೆ ಓಡಿಹೋದ ಭಾವ. ನಿಜಕ್ಕೂ ಓಡಿಹೋದದ್ದು ಅವೆರಡರ ಶಕ್ತಿಯೇ. ಒಂದು ಕ್ಷಾರ, ಒಂದು ಆಮ್ಲ. ಪರಸ್ಪರ ಹೊಡೆದಾಡಿ ಉಳಿಯುವುದು ನೀರು, ಇಂಗಾಲದ ಡೈಆಕ್ಸೈಡ್ ಮತ್ತು ಸೋಡಿಯಂ ಅಸಿಟೇಟ್ ಎಂಬ ಸಾಧು ಲವಣ. ಬೇರೆ ಬೇರೆ ಬಳಸಿದರೆ ಎರಡೂ ಗಟ್ಟಿಗರೇ. ಜಿಡ್ಡು, ದುರ್ವಾಸನೆಗೆ ಸೋಡಾ; ನಲ್ಲಿ, ಶವರ್ ಮೇಲಿನ ಬಿಳಿ ಗಡುಸುನೀರಿನ ಕಲೆಗೆ ವಿನೆಗರ್. ಶವರ್ ತೂತುಗಳು ಕಟ್ಟಿಕೊಂಡಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ವಿನೆಗರ್ ತುಂಬಿ ಶವರ್ ತಲೆ ಮುಳುಗುವಂತೆ ಕಟ್ಟಿ, ಅರ್ಧ ಗಂಟೆ ಬಿಟ್ಟು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಅಮೃತಶಿಲೆಯ ಮೇಲೆ ಮಾತ್ರ ವಿನೆಗರ್ ಬೀಳದಿರಲಿ, ಹೊಳಪು ಹೋದರೆ ಮತ್ತೆ ಪಾಲಿಷ್ ಮಾಡಿಸದೆ ಮರಳುವುದಿಲ್ಲ.

ಇಲ್ಲೊಂದು ಮಾತು ತಮಾಷೆಯದ್ದಲ್ಲ. ಬ್ಲೀಚ್ ಜೊತೆ ವಿನೆಗರನ್ನಾಗಲಿ, ಟಾಯ್ಲೆಟ್ ತೊಳೆಯುವ ಆಸಿಡ್ಡನ್ನಾಗಲಿ ಸೇರಿಸಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಕ್ಲೀನರ್ ಸೇರಿಸಿದರೂ ವಿಷಗಾಳಿಯೇ. ಬಾಟಲಿಯಲ್ಲಿ ತಳ ಹಿಡಿದಿರುವ ಎರಡು ಚೂರುಪಾರನ್ನು ಒಂದೇ ಬಾಟಲಿಗೆ ಸುರಿದು ಮಿಗಿಸುವ ಗೃಹಸ್ಥರು ಇದನ್ನು ಎರಡು ಸಲ ಓದಲಿ.

ಬಟ್ಟೆ ಒಗೆಯುವ ಪುಡಿಯದ್ದೂ ಅಂಟಿನ ನ್ಯಾಯವೇ: ಎರಡು ಚಮಚ ಹೆಚ್ಚು ಸುರಿದರೆ ಬಟ್ಟೆ ಬಿಳುಪಾಗದು, ನೊರೆಯ ಹಾಸಿಗೆಯಲ್ಲಿ ಬಟ್ಟೆಗಳು ಒಂದಕ್ಕೊಂದು ಉಜ್ಜಿಕೊಳ್ಳದೆ ಆರಾಮವಾಗಿ ತೇಲುತ್ತವೆ.

ಈಗ ಬಿಲ್ಲಿನ ವಿಚಾರಕ್ಕೆ ಬರೋಣ. ಹೊಸ ಮಿಕ್ಸಿಯ ಬಿಲ್ಲನ್ನು ಎರಡು ವರ್ಷದ ವಾರಂಟಿಗಾಗಿ ಜೋಪಾನ ಮಾಡಬೇಕೆಂದು ಲ್ಯಾಮಿನೇಷನ್ ಮಾಡಿಸುವ ಶಿಸ್ತಿನವರಿದ್ದಾರೆ. ಯಂತ್ರದ ಈ ಕಡೆಯಿಂದ ಬಿಲ್ಲು ಒಳಹೋಗುತ್ತದೆ, ಆ ಕಡೆಯಿಂದ ಕಪ್ಪು ಹಾಳೆ ಹೊರಬರುತ್ತದೆ, ಅದೂ ಶಾಶ್ವತವಾಗಿ ಪ್ಲಾಸ್ಟಿಕ್ಕಿನೊಳಗೆ. ಅಂಗಡಿಯ ನುಣುಪು ಬಿಲ್ಲು ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇಲ್ಲ, ಬಿಸಿ ತಾಗಿದ ಕಡೆ ಲೇಪ ಕಪ್ಪಾಗಿ ಅಕ್ಷರವಾಗುತ್ತದೆ. ಲ್ಯಾಮಿನೇಷನ್ ಯಂತ್ರದ ಬಿಸಿಗೆ ಇಡೀ ಬಿಲ್ಲೇ ಅಕ್ಷರ. ಹಾಗೆಂದು ಪರ್ಸಿನಲ್ಲಿಟ್ಟರೆ ಬೆವರು, ಬಿಸಿಲು, ಉಜ್ಜಾಟಕ್ಕೆ ಮಾಸುತ್ತ ಹೋಗಿ ಮಿಕ್ಸಿ ಕೆಡುವ ಹೊತ್ತಿಗೆ ಅದು ಬಿಳಿ ಚೀಟಿ. ಗುರುತಿಸುವುದು ಸುಲಭ: ಉಗುರಿನಿಂದ ಬಿರುಸಾಗಿ ಗೀರಿದರೆ ಕಪ್ಪು ಗೆರೆ ಮೂಡಿದರೆ ಥರ್ಮಲ್. ತಂದ ದಿನವೇ ಫೋಟೊ ತೆಗೆದು ಅಥವಾ ಸಾದಾ ಜೆರಾಕ್ಸ್ ಮಾಡಿಸಿ ಇಡಿ. ಅದೇ ಫೋಟೊದ ಪಕ್ಕ ಯಂತ್ರದ ತಳದಲ್ಲಿರುವ ಸೀರಿಯಲ್ ನಂಬರ್‌ನದ್ದೂ ಒಂದಿರಲಿ. ವಾರಂಟಿ ಕಾರ್ಡಿನಲ್ಲಿ ಮಾರಿದ ದಿನಾಂಕ ಮತ್ತು ಅಂಗಡಿಯ ಮೊಹರು ಬಿದ್ದಿದೆಯೇ ಎಂದು ಅಂಗಡಿಯಲ್ಲೇ ನೋಡಿ. ಆಮೇಲೆ ಕೇಳಹೋದರೆ ಅಂಗಡಿಯವರಿಗೆ ನೀವೇ ಅಪರಿಚಿತರು.

ರಿಪೇರಿಯವರು ಮನೆಗೆ ಬಂದರೆ ಬದಲಿಸಿದ ಹಳೇ ಭಾಗವನ್ನು ಕೇಳಿ ಪಡೆಯಿರಿ, ಏನು ಬದಲಿಸಿದರೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ದೂರು ಫೋನಿನಲ್ಲಿ ಹೇಳಿದ್ದರೂ ದಿನಾಂಕ, ದೂರಿನ ಸಂಖ್ಯೆ ಗುರುತಿಟ್ಟು ಅದನ್ನೇ ಲಿಖಿತವಾಗಿ ಕಳಿಸಿ. ಮಾತಿಗೆ ಸಾಕ್ಷಿಯಿಲ್ಲ, ಬರಹಕ್ಕುಂಟು.

ರಿಯಾಯಿತಿಯ ಗಣಿತ ಅಂಗಡಿಗೊಂದು ಥರ. '50% ಮೇಲೆ ಇನ್ನೂ 20%' ಎಂದರೆ 70 ಅಲ್ಲ, 60. ಎರಡನೆಯದು ಉಳಿದ ಅರ್ಧದ ಮೇಲಿನ ಲೆಕ್ಕ. '20% ಹೆಚ್ಚುವರಿ ಉಚಿತ' ಎಂಬುದು ಸುಮಾರು 16.7% ರಿಯಾಯಿತಿಗೆ ಸಮ. ಬೆಲೆ ಹಾಗೇ ಇದ್ದು ಪೊಟ್ಟಣ 100 ಗ್ರಾಮಿನಿಂದ 90ಕ್ಕೆ ಇಳಿದರೆ ಬೆಲೆ 11% ಏರಿದಂತೆ, ಸದ್ದಿಲ್ಲದೆ. ದೊಡ್ಡ ಪೊಟ್ಟಣವೇ ಅಗ್ಗವೆಂಬ ನಂಬಿಕೆಯನ್ನೂ ಬೆಲೆಯನ್ನು ತೂಕದಿಂದ ಭಾಗಿಸಿ ಪರೀಕ್ಷಿಸುವುದು ಒಳ್ಳೆಯದು. ಮುಗಿಯುವ ಮೊದಲೇ ಅವಧಿ ಮೀರಿ ಎಸೆಯುವುದಾದರೆ ಭಾಗಾಕಾರವೂ ಬೇಡ.

ವಿದ್ಯುತ್ ಉಳಿತಾಯದಲ್ಲಿ ಎಲ್ಲರ ಕಣ್ಣು ಬೀಳುವುದು ಪಾಪದ ಮೊಬೈಲ್ ಚಾರ್ಜರ್ ಮೇಲೆ. ಫೋನ್ ತೆಗೆದ ಮೇಲೆ ಸ್ವಿಚ್ ಆರಿಸದ ಮಕ್ಕಳಿಗೆ ಉಪನ್ಯಾಸವೇ ನಡೆಯುತ್ತದೆ. ಖಾಲಿ ನಿಂತ ಚಾರ್ಜರ್ 0.1 ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೆ ಇಡೀ ವರ್ಷಕ್ಕೆ ಒಂದು ಯೂನಿಟ್ ಕೂಡ ಆಗುವುದಿಲ್ಲ. 2,000 ವ್ಯಾಟಿನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಉಪನ್ಯಾಸ ಮುಗಿಸಿ ಅಪ್ಪ ಸ್ನಾನಕ್ಕೆ ಹೋಗುವಷ್ಟರಲ್ಲಿ ಮಕ್ಕಳ ವರ್ಷದ ಪಾಪ ಪರಿಹಾರವಾಗಿರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ರಬ್ಬರ್ ಹಿಡಿಯುತ್ತಿಲ್ಲ, ತಣ್ಣನೆ ಗಾಳಿ ಹಗಲೂ ರಾತ್ರಿ ಹೊರಹೋಗುತ್ತಿದೆ. ಸೋಪಿನ ನೀರಿನಿಂದ ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಕೊನೆಗೆ, ಏನನ್ನೇ ಬಿಚ್ಚಿ ಜೋಡಿಸಿದರೂ ಒಂದು ಸ್ಕ್ರೂ ಉಳಿಯುವ ವಿಷಯ. ಬಿಚ್ಚುವ ಮೊದಲು ಪ್ಲಗ್ ಕೀಳಿ, ಫೋಟೊ ತೆಗೆಯಿರಿ, ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಅಂಟುಟೇಪಿನ ಮೇಲೆ ಸಾಲಾಗಿ ಅಂಟಿಸಿ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ಅದು ಒಳಗಿನ ತಂತಿಯನ್ನೋ ಹೊರಗಿನ ಕವಚವನ್ನೋ ತೂತು ಮಾಡುತ್ತದೆ. ಇಷ್ಟಾದರೂ ಒಂದು ಉಳಿದೇ ಉಳಿದರೆ 'ಕಂಪನಿಯವರು ಹೆಚ್ಚಾಗಿ ಹಾಕಿದ್ದರು' ಎಂದು ಹೇಳಿ ಡಬ್ಬಿಗೆ ಹಾಕಬೇಡಿ. ಕಂಪನಿಯವರು ನಮಗಿಂತ ಜಿಪುಣರು, ಬೇಡದ ಸ್ಕ್ರೂ ಹಾಕುವವರಲ್ಲ. ಮತ್ತೆ ಬಿಚ್ಚಿ.