ಸತ್ತ ಯೋಧನ ಬಗ್ಗೆ ನಾವು ಮೊದಲು ಕೇಳುವ ಪ್ರಶ್ನೆ

"ಪರಿಹಾರ ಎಷ್ಟು ಕೊಟ್ಟರಂತೆ?" ಎಂದರು ದೊಡ್ಡಪ್ಪ.

ಭಾನುವಾರ ಪೋಲೆಂಡಿನ ಕ್ರಾಕೋವ್‌ನಿಂದ ಊರಿಗೆ ಫೋನ್ ಮಾಡುವುದು ನನ್ನ ರೂಢಿ. ಮಾತಿನ ನಡುವೆ ಉಕ್ರೇನಿನ ಒಬ್ಬ ಸೇನಾಧಿಕಾರಿಯ ಸುದ್ದಿ ಬಂತು. ಬರೀ 27 ವರ್ಷಕ್ಕೆ ಹೋದ, ಕೀವ್‌ನಲ್ಲಿ ಅವನನ್ನು ಕಳಿಸಿಕೊಡಲು ಸಾವಿರಾರು ಜನ ಬಂದಿದ್ದರು ಅಂತ ಹೇಳಿದೆ. ದೊಡ್ಡಪ್ಪ ಹೆಸರು ಕೇಳಲಿಲ್ಲ. ಹೇಗೆ ಸತ್ತ ಅಂತಲೂ ಕೇಳಲಿಲ್ಲ. ಪರಿಹಾರ ಎಷ್ಟು, ಮನೆಯವರಿಗೆ ಕೆಲಸ ಕೊಟ್ಟರಾ, ಸೈಟು ಕೊಟ್ಟರಾ, ಅಷ್ಟೇ. ಫೋನ್ ಇಟ್ಟ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು.

ಅವನ ಹೆಸರು ದ್ಮಿತ್ರೊ ಕೋತ್ಸ್ಯುಬೈಲೊ. ನನಗೆ ಅವನ ಕಥೆ ಹೇಳಿದ್ದು ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಹೆಣ್ಣುಮಗಳು. ಅವಳು ಪಶ್ಚಿಮ ಉಕ್ರೇನಿನ ಇವಾನೋ-ಫ್ರಾಂಕಿವ್ಸ್ಕ್ ಕಡೆಯವಳು, ಅವನೂ ಅದೇ ಸೀಮೆಯವನು. ಅವಳು ಪದಕದಿಂದ ಶುರು ಮಾಡಲಿಲ್ಲ. "ಅವನು ಚಿತ್ರಕಲೆ ಕಲಿತವನು" ಎಂದಳು. ಅದಕ್ಕೇ ಯುದ್ಧಭೂಮಿಯಲ್ಲಿ ಅವನನ್ನು ಕರೆಯುತ್ತಿದ್ದುದು 'ಡಾ ವಿಂಚಿ' ಅಂತ. ಹುಟ್ಟಿದ್ದು 1995ರ ನವೆಂಬರ್‌ನಲ್ಲಿ. ಕೀವ್‌ನ ಮೈದಾನ್ ಚೌಕದಲ್ಲಿ ಸರ್ಕಾರದ ವಿರುದ್ಧ ಚಳವಳಿ ನಡೆದಾಗ 18ರ ಹುಡುಗ, ಅಲ್ಲಿಗೆ ಹೋಗಿ ಕೂತ. 2014ರಲ್ಲಿ ಪೂರ್ವದಲ್ಲಿ ಯುದ್ಧ ಶುರುವಾದಾಗ ಸ್ವಯಂಸೇವಕನಾಗಿ ಹೊರಟ. ಪಿಸ್ಕಿ ಎಂಬಲ್ಲಿ ಜೋರಾಗಿಯೇ ಪೆಟ್ಟು ಬಿತ್ತು. ವಾಸಿಯಾದ ಮೇಲೆ ಮನೆಗೆ ಹೋಗದೆ ಮತ್ತೆ ಅಲ್ಲಿಗೇ ಹೋದ. 2021ರಲ್ಲಿ ಅಲ್ಲಿನ ಅತ್ಯುನ್ನತ ಬಿರುದಾದ 'ಉಕ್ರೇನಿನ ವೀರ' ಸಿಕ್ಕಿತು. ಆಮೇಲೆ ಒಂದು ಬೆಟಾಲಿಯನ್ನಿಗೇ ಕಮಾಂಡರ್ ಆದ. 'ಡಾ ವಿಂಚಿಯ ತೋಳಗಳು' ಎಂದು ಅದರ ಹೆಸರು. ಶಿಬಿರದಲ್ಲಿ ನಿಜವಾಗಿಯೂ ಒಂದು ತೋಳ ಸಾಕಿದ್ದರಂತೆ. 2023ರ ಮಾರ್ಚ್ 7ರಂದು ಪೂರ್ವದ ಬಖ್ಮುತ್ ಹತ್ತಿರ ಕಾದುತ್ತಾ ಜೀವ ಬಿಟ್ಟ.

ಮಾರ್ಚ್ 10ರ ಅಂತ್ಯಕ್ರಿಯೆಯ ವಿಡಿಯೋವನ್ನು ಅವಳೇ ತೋರಿಸಿದಳು. ಸಂತ ಮಿಖಾಯಿಲನ ಮಠದಲ್ಲಿ ಪ್ರಾರ್ಥನೆ, ಅಲ್ಲಿಂದ ಮೈದಾನ್ ಚೌಕ, ಕೊನೆಗೆ ದ್ನಿಪ್ರೊ ನದಿಯ ದಂಡೆಯ ಅಸ್ಕೋಲ್ಡ್ ಸಮಾಧಿ ಗುಡ್ಡ. 1918ರಲ್ಲಿ ಕ್ರೂತಿ ಎಂಬಲ್ಲಿ ಕಾದು ಸತ್ತ ವಿದ್ಯಾರ್ಥಿಗಳನ್ನು ಮಣ್ಣು ಮಾಡಿದ್ದೂ ಅದೇ ಗುಡ್ಡದಲ್ಲಿ. ಅಧ್ಯಕ್ಷ ಝೆಲೆನ್‌ಸ್ಕಿ ಬಂದಿದ್ದರು, ಫಿನ್ಲೆಂಡಿನ ಆಗಿನ ಪ್ರಧಾನಿ ಸನ್ನಾ ಮರಿನ್ ಬಂದಿದ್ದರು. ನನ್ನ ಕಣ್ಣು ನಿಂತದ್ದು ಅವರ ಮೇಲಲ್ಲ. ಶವಪೆಟ್ಟಿಗೆ ಮುಂದೆ ಬಂದಂತೆ ಜನ ಮಂಡಿಯೂರಿದರು. ಮಾರ್ಚಿನ ಕೊರೆಯುವ ಕಲ್ಲುಹಾಸಿನ ಮೇಲೆ, ಕೋಟು ತೊಟ್ಟ ಅಜ್ಜಿಯರೂ ಸೇರಿ. ಇದು ಈ ಒಬ್ಬನಿಗೆ ಮಾಡಿದ ವಿಶೇಷ ಮರ್ಯಾದೆಯೇನಲ್ಲ. ಪಶ್ಚಿಮ ಉಕ್ರೇನಿನ ಸಣ್ಣ ಸಣ್ಣ ಊರುಗಳಲ್ಲೂ ಯೋಧನ ಶವ ಹೋಗುವಾಗ ರಸ್ತೆ ಬದಿಯಲ್ಲಿ ಜನ ಹೀಗೇ ಕೂರುತ್ತಾರೆ. ಹಾಗೇ ಅಲ್ಲಿ ದಿನಾ ಬೆಳಿಗ್ಗೆ 9ಕ್ಕೆ ಸತ್ತವರಿಗಾಗಿ ಒಂದು ನಿಮಿಷ ಮೌನ. 2022ರ ಮಾರ್ಚಿನಿಂದ ನಡೆದುಬಂದಿದೆ. ಆಗ ಇಲ್ಲಿ ಕ್ರಾಕೋವ್‌ನಲ್ಲಿ ಗಂಟೆ 8. ಆಫೀಸಿಗೆ ಬೇಗ ಬಂದ ದಿನ ಅವಳು ಕಾಫಿ ಮಗ್ಗನ್ನು ಕೆಳಗಿಟ್ಟು ಕಿಟಕಿಯ ಹತ್ತಿರ ಸುಮ್ನೆ ನಿಲ್ಲುತ್ತಾಳೆ. ಯಾರಿಗೂ ನೀವೂ ನಿಲ್ಲಿ ಅನ್ನುವುದಿಲ್ಲ.

ಇನ್ನು ನಮ್ಮ ಕಥೆ. ರಜೆಗೆ ಹೋಗಿದ್ದಾಗ ನಮ್ಮ ತಾಲೂಕಿನ ಒಬ್ಬ ಯೋಧನ ಪಾರ್ಥಿವ ಶರೀರ ಬಂತು. ಬಸ್ ಸ್ಟ್ಯಾಂಡಿನಿಂದ ಹೈಸ್ಕೂಲ್ ಮೈದಾನದವರೆಗೂ ಫ್ಲೆಕ್ಸ್. ಮೇಲೆ ದೊಡ್ಡವರ ಸಾಲು, ಕೆಳಗೆ ಕೈ ಮುಗಿದ ಶಾಸಕರು, ಅವರ ಪಕ್ಕ ಮರಿ ಪುಢಾರಿಗಳು. ಒಂದು ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋದಲ್ಲಿ ಸತ್ತ ಹುಡುಗ. ಇನಿಷಿಯಲ್ ಕೂಡ ತಪ್ಪಾಗಿತ್ತು. ಮಂತ್ರಿಗಳು ಬರುವುದು ತಡವಾಯಿತು ಅಂತ ಶವವನ್ನು ಬಿಸಿಲಲ್ಲೇ ಕಾಯಿಸಿದರು. ಟಿವಿಯವನು ತಾಯಿಯ ಬಾಯಿಗೆ ಮೈಕ್ ಹಿಡಿದು "ಏನನ್ನಿಸ್ತಾ ಇದೆ ಅಮ್ಮಾ?" ಅಂದ. ಏನನ್ನಿಸಬೇಕು? ಅಪ್ಪಟ ಕನ್ನಡದ ಹಳ್ಳಿಯಲ್ಲಿ ಎಲ್ಲರೂ "ಅಮರ್ ರಹೇ" ಅಂತ ಕೂಗಿದರು. ಚೆಕ್ ಕೊಡುವಾಗ ಮಾತ್ರ ಎಲ್ಲರೂ ಕ್ಯಾಮೆರಾ ಕಡೆ ತಿರುಗಿದರು. ಅವನಿಗೆ ಏನು ಇಷ್ಟ ಇತ್ತು, ಯಾವ ಮೇಷ್ಟ್ರ ಹತ್ತಿರ ಓದಿದ, ಊರಿಗೆ ಬಂದಾಗ ಎಲ್ಲಿ ಕೂರುತ್ತಿದ್ದ, ಒಬ್ಬರೂ ಹೇಳಲಿಲ್ಲ.

ವೀರಗಲ್ಲು ನೆಟ್ಟ ನಾಡಲ್ವಾ ನಮ್ಮದು? ಇಂಥವನ ಮಗ, ಇಂಥ ಊರಿನ ತುರು ಬಿಡಿಸಲು ಹೋಗಿ ಸತ್ತ ಅಂತ ಕಲ್ಲಿನಲ್ಲಿ ಕೊರೆಸಿ ಇಟ್ಟವರು. ಆ ಕಲ್ಲುಗಳಿಗೆ ಈಗ ಎಮ್ಮೆ ಕಟ್ಟುತ್ತೇವೆ.

ಇಷ್ಟು ಬೈದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಲೇಬೇಕು. ಕೋತ್ಸ್ಯುಬೈಲೊ ಇದ್ದ 'ರೈಟ್ ಸೆಕ್ಟರ್' ಕಟ್ಟಾ ಬಲಪಂಥೀಯರ ಗುಂಪು. ಆ ತೋಳಕ್ಕೆ ಏನು ಊಟ ಹಾಕುತ್ತೇವೆ ಎಂದು ವಿದೇಶಿ ಪತ್ರಕರ್ತರ ಮುಂದೆ ಅವನು ಆಡಿದ ತಮಾಷೆ ಕೇಳಿದರೆ ಹೊಟ್ಟೆ ತೊಳಸುತ್ತದೆ. ಅವನ ರಾಜಕೀಯ ನನಗೆ ಒಗ್ಗುವುದಿಲ್ಲ. ಬೆಳಿಗ್ಗೆ 9ಕ್ಕೆ ಈಗ ಎಲ್ಲರೂ ನಿಲ್ಲುವುದಿಲ್ಲ ಅಂತ ಆಫೀಸಿನ ಆ ಹೆಣ್ಣುಮಗಳೇ ಗೊಣಗುತ್ತಾಳೆ. ಮತ್ತೆ, ದುಡ್ಡಿನ ಮಾತು ಅಲ್ಲೂ ಇದೆ. ಯುದ್ಧದಲ್ಲಿ ಸತ್ತ ಯೋಧನ ಕುಟುಂಬಕ್ಕೆ ಅಲ್ಲಿನ ಸರ್ಕಾರ ಕೊಡುವುದು 1.5 ಕೋಟಿ ಹ್ರಿವ್ನಿಯಾ, ನಮ್ಮ ಲೆಕ್ಕದಲ್ಲಿ ಸುಮಾರು 3 ಕೋಟಿ ರೂಪಾಯಿ. ಅವಳ ನೆಂಟರೊಬ್ಬರ ಮನೆಯಲ್ಲಿ ಆ ದುಡ್ಡಿಗಾಗಿ ಅತ್ತೆ ಸೊಸೆ ಕೋರ್ಟು ಹತ್ತಿದ್ದಾರೆ. ದೊಡ್ಡಪ್ಪನೂ ಕಲ್ಲು ಮನಸ್ಸಿನವರಲ್ಲ. ತಾಲೂಕು ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಫೋಟೋ ತೆಗೆಸಿಕೊಂಡವರೆಲ್ಲ ಹೋದ ಮೇಲೆ ಒಂದು ಸಹಿಗಾಗಿ ಹೆಣ್ಣುಮಕ್ಕಳು ಅಲೆಯುವುದನ್ನು ಕಣ್ಣಾರೆ ಕಂಡಿದ್ದಾರೆ. ಅವರು ಕೇಳಿದ್ದು ಅದನ್ನೇ ಇರಬೇಕು.

ಇದೇ ಯುದ್ಧ ನಮ್ಮ ಹಾವೇರಿಗೂ ಒಂದು ಶವ ಕಳಿಸಿತ್ತು. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ದಿನಸಿ ತರಲು ಹೋದ ವೈದ್ಯಕೀಯ ವಿದ್ಯಾರ್ಥಿ, ಶೆಲ್ ದಾಳಿಗೆ ಸಿಕ್ಕ. ಶವ ಊರು ಸೇರಿದ್ದು ಮಾರ್ಚ್ 21ಕ್ಕೆ. ಅವತ್ತೂ ಗಣ್ಯರು ಬಂದರು, ಹಾರ ಹಾಕಿದರು. ಆದರೆ ಮನೆಯವರು ಪೂಜೆ ಮುಗಿಸಿ ದೇಹವನ್ನು ದಾವಣಗೆರೆಯ ಮೆಡಿಕಲ್ ಕಾಲೇಜಿಗೆ ಕೊಟ್ಟುಬಿಟ್ಟರು. ಡಾಕ್ಟರ್ ಆಗಬೇಕೆಂದಿದ್ದ ಮಗ, ಓದುವ ಮಕ್ಕಳಿಗಾದರೂ ಉಪಯೋಗವಾಗಲಿ ಅಂತ. ಮಗನಿಗೆ ಏನು ಬೇಕಿತ್ತೆಂದು ಆ ಮನೆಯವರಿಗೆ ಗೊತ್ತಿತ್ತು, ಅದನ್ನೇ ಮಾಡಿದರು.

ಹಾಗಾಗಿ ನಮ್ಮೂರಿನವರೆಲ್ಲ ಮಂಡಿಯೂರಲಿ ಅಂತ ನಾನು ಕೇಳುತ್ತಿಲ್ಲ, ಅದು ನಮಗೆ ಬರುವುದೂ ಇಲ್ಲ. ಮುಂದಿನ ಸಲ ಹೈಸ್ಕೂಲ್ ಮೈದಾನಕ್ಕೆ ಅಂಥದ್ದೊಂದು ಪೆಟ್ಟಿಗೆ ಬಂದರೆ, ಮೈಕನ್ನು ಮೊದಲು ಅವನ ಜೊತೆ ಕಬಡ್ಡಿ ಆಡಿದವನಿಗೆ ಕೊಡಿ. ಶಾಸಕರು ಆಮೇಲೆ ಮಾತಾಡಲಿ. ಫ್ಲೆಕ್ಸ್ ಹಾಕಲೇಬೇಕೆಂದರೆ ಹಾಕಿ, ಇನಿಷಿಯಲ್ ಮಾತ್ರ ಮನೆಯವರನ್ನು ಕೇಳಿ ಬರೆಸಿ.