ಸತ್ಯಾಂಶ: ರೆಡ್ ವೈನ್ ಹಳೆಯದಾದಷ್ಟೂ ರುಚಿ ಜಾಸ್ತಿಯಾ?

ಫ್ರಾನ್ಸಿನ ಎಲ್ಲ ರೆಡ್ ವೈನನ್ನೂ ಎಷ್ಟು ವರ್ಷ ಇಟ್ಟರೆ ಅಷ್ಟು ರುಚಿ ಅನ್ನೋ ಮೆಸೇಜು ಆಗಾಗ ಬರುತ್ತಲೇ ಇರುತ್ತದೆ. ಎಲ್ಲ ವೈನಿಗೂ ಇದು ನಿಜವಲ್ಲ.

ಲಿಯೋನ್ ನಗರದ ಉತ್ತರಕ್ಕಿರುವ ಬೋಜೊಲೆ ಪ್ರದೇಶವನ್ನೇ ನೋಡಿ. ಅಲ್ಲಿನ ರೆಡ್ ವೈನ್ ಆಗೋದು ಗಾಮೆ ಎಂಬ ದ್ರಾಕ್ಷಿಯಿಂದ. ಅದರಲ್ಲಿ ಟ್ಯಾನಿನ್, ಅಂದರೆ ಬಾಯಿ ಒಗರು ಮಾಡುವ ಅಂಶ, ಕಡಿಮೆ. ಗೊಂಚಲುಗಳನ್ನು ಹಿಂಡದೆ ಇಡಿಯಾಗಿ ತೊಟ್ಟಿಗೆ ತುಂಬಿ ಹುದುಗಿಸುವುದರಿಂದ ಚೆರ್ರಿಯ ಘಮ, ಕೆಲವೊಮ್ಮೆ ಬಾಳೆಹಣ್ಣಿನ ಘಮವೂ ಮೂಗಿಗೆ ಹೊಡೆಯುತ್ತದೆ. ಆ ತಾಜಾತನವೇ ಅದರ ಜೀವ, ಅಲ್ವಾ? ಪ್ರತಿ ನವೆಂಬರಿನ 3ನೇ ಗುರುವಾರ ಬಿಡುಗಡೆಯಾಗುವ ಬೋಜೊಲೆ ನೂವೊ ಎಂಬ ಆ ವರ್ಷದ ಹೊಸ ವೈನನ್ನು ಕೆಲವೇ ತಿಂಗಳಲ್ಲಿ ಕುಡಿಯಬೇಕು. 10 ವರ್ಷ ಇಟ್ಟರೆ ಬಣ್ಣ ಇಟ್ಟಿಗೆಯಂತಾಗಿ, ಹಣ್ಣಿನ ಘಮ ಹೋಗಿ, ಸಪ್ಪೆಯಾಗುತ್ತದೆ.

ಹಾಗಂತ ಮೆಸೇಜು ಕಳಿಸಿದವರು ಸುಮ್ನೆ ಹೇಳಿದ್ದಲ್ಲ. ಅದೇ ಬೋಜೊಲೆಯ ಮೊರ್ಗೊನ್, ಮುಲಾಂ ಆ ವಾಂ ವೈನ್‌ಗಳು ಹಲವು ವರ್ಷ ಚೆನ್ನಾಗಿ ಮಾಗುತ್ತವೆ. ಫ್ರಾನ್ಸಿನದೇ ಇನ್ನೊಂದು ಪ್ರದೇಶವಾದ ಬೋರ್ಡೋದ ಒಳ್ಳೆಯ ವೈನ್‌ಗಳಂತೂ ಇನ್ನೂ ಜಾಸ್ತಿ. ತಪ್ಪಿರುವುದು 'ಎಲ್ಲ' ಅನ್ನೋ ಮಾತಿನಲ್ಲಿ.

ಮೆಸೇಜಿನಲ್ಲಿ ದ್ರಾಕ್ಷಿ, ಪ್ರದೇಶದ ಹೆಸರಿದೆಯಾ ನೋಡಿ. ಇಲ್ಲದಿದ್ದರೆ ನಂಬುವ ಮುಂಚೆ ತಡೆಯಿರಿ. ಬಾಟಲಿಯ ಲೇಬಲ್ಲಿನಲ್ಲಿ ಪ್ರದೇಶದ ಹೆಸರು, ಸಾಮಾನ್ಯವಾಗಿ ಕೊಯ್ಲಿನ ವರ್ಷವೂ ಇರುತ್ತದೆ. ಎಷ್ಟು ವರ್ಷದೊಳಗೆ ಕುಡಿಯಬೇಕೆಂದು ಎಷ್ಟೋ ತಯಾರಕರು ತಮ್ಮ ವೆಬ್‌ಸೈಟಿನಲ್ಲೇ ಬರೆದಿರುತ್ತಾರೆ. ಯಾರೋ ಪ್ರೀತಿಯಿಂದ ತಂದುಕೊಟ್ಟ ಬಾಟಲಿ ಬೀರುವಿನಲ್ಲಿದ್ದರೆ ಇವತ್ತೇ ಹೊರತೆಗೆದು ಲೇಬಲ್ ಓದಿ.